ಡೊಂಬಿವಲಿಯ ಬಾವಿಯೂ ವಿಷ ಉಸಿರಾಡುವ ಬ್ಯಾಕ್ಟೀರಿಯಾವೂ

ಹೋದ ಮೇ ತಿಂಗಳಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮೀಟಿಂಗಿಗೆ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಗೋಧಿ ತೌಡಿನಂಥ ಪುಡಿ. "ಇದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ ಕಾಕಾ. ವಾರಕ್ಕೊಮ್ಮೆ ಬಾವಿಗೆ ಹಾಕಿ. ಮೂರು ತಿಂಗಳಲ್ಲಿ ಕೆಮಿಕಲ್ ಎಲ್ಲ ತಿಂದು ಮುಗಿಸ್ತವೆ" ಎಂದು ಮರಾಠಿಯಲ್ಲಿ ಹೇಳಿದ.

ಬಾವಿ ಎಂದರೆ ನಮ್ಮ ಬಿಲ್ಡಿಂಗಿನ ಹಿಂದಿರುವ ಹಳೇ ತೆರೆದ ಬಾವಿ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಕೂಗಳತೆಯಲ್ಲಿ ನಮ್ಮ ಮನೆ. ಬಿಲ್ಡಿಂಗ್ ಏಳುವ ಮೊದಲು ಅಲ್ಲಿ ಭತ್ತದ ಗದ್ದೆ ಇತ್ತಂತೆ. ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಬಾವಿಯಿಂದ ಒಂದು ಸಿಹಿ ವಾಸನೆ ಬರುತ್ತದೆ, ಪೇಂಟ್ ಅಂಗಡಿಯೊಳಗೆ ಕಾಲಿಟ್ಟ ಹಾಗೆ. ಫ್ಲಷ್ಷಿಗೂ ಆ ನೀರು ಬೇಡ ಎಂದು ಬೀಗ ಹಾಕಿ ಎಷ್ಟೋ ವರ್ಷವಾಯಿತು. ಆದರೆ ಬೇಸಿಗೆಯಲ್ಲಿ ಟ್ಯಾಂಕರಿನ ಬಿಲ್ಲು ಏರಿದಾಗಲೆಲ್ಲ ಬಾವಿ ನೆನಪಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಮುಂಬೈಯ ಟ್ಯಾಂಕರಿನವರು ಮುಷ್ಕರ ಹೂಡಿದಾಗಲಂತೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಾವಿಯದ್ದೇ ಮಾತು.

ನಾನು ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದೆ. "ನಮ್ಮ ಬಾವಿಯಲ್ಲಿ ಯಾವ ಕೆಮಿಕಲ್ ಇದೆ?"

"ಯಾವುದಿದ್ರೂ ತಿಂತವೆ ಕಾಕಾ."

ಅಲ್ಲಿಗೆ ನನ್ನ ಮಟ್ಟಿಗೆ ಪುಡಿಯ ಕತೆ ಮುಗಿದಿತ್ತು. ಆದರೆ ಮೀಟಿಂಗಿನಲ್ಲಿ ಅರ್ಧ ಜನ "ಇದೆಲ್ಲ ಬೋಗಸ್" ಎಂದರು, ಇನ್ನರ್ಧ ಜನ "ಟ್ರೈ ಮಾಡಿದರೆ ಏನು ಹೋಗುತ್ತೆ" ಎಂದರು. ಎರಡೂ ತಪ್ಪು. ಸೂಕ್ಷ್ಮಜೀವಿಗಳಿಂದ ನೆಲದಡಿಯ ನೀರನ್ನು ಶುದ್ಧ ಮಾಡುವುದು ಬೋಗಸ್ ಅಲ್ಲ, ಐವತ್ತು ವರ್ಷದಿಂದ ನಡೆದಿರುವ ಕೆಲಸ. ಹಾಗೆಯೇ ಅದು ಸುಮ್ನೆ ಟ್ರೈ ಮಾಡಿ ನೋಡುವ ಕೆಲಸವೂ ಅಲ್ಲ. ಲೆಕ್ಕ ತಪ್ಪಿದರೆ ಇದ್ದ ವಿಷಕ್ಕಿಂತ ಕೆಟ್ಟ ವಿಷ ಹುಟ್ಟಬಹುದು.

ನನಗೂ ಈ ಜೀವಿಗಳಿಗೂ ಹಳೇ ನಂಟು. ಇಪ್ಪತ್ತೆರಡು ವರ್ಷ ಒಂದು ಬಣ್ಣದ ಕಾರ್ಖಾನೆಯ ಇಟಿಪಿಯಲ್ಲಿ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕದಲ್ಲಿ, ಶಿಫ್ಟ್ ಕೆಮಿಸ್ಟ್ ಆಗಿದ್ದೆ. ಪ್ರತಿ ಶಿಫ್ಟಿನಲ್ಲಿ ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರು ತಂದು ಗಾಜಿನ ಸಿಲಿಂಡರಿನಲ್ಲಿಟ್ಟು ಅರ್ಧ ಗಂಟೆ ಕಾಯಬೇಕು. ಕೆಳಗೆ ಕೂರುವ, ಬ್ಯಾಕ್ಟೀರಿಯಾ ತುಂಬಿದ ಕಂದು ಬಗ್ಗಡವೇ ನಮ್ಮ ದನಕರು. ಅದು ಚಾಕೊಲೇಟ್ ಬಣ್ಣದಲ್ಲಿದ್ದು, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಎಲ್ಲ ಕ್ಷೇಮ. ಒಂದು ರಾತ್ರಿ ಪ್ಲಾಂಟಿನಿಂದ ಹೇಳದೆ ಕೇಳದೆ ಆಸಿಡ್ ಬಿಟ್ಟರು. ಬೆಳಿಗ್ಗೆ ತೊಟ್ಟಿಯ ತುಂಬ ಬಿಳಿ ನೊರೆ. "ಕಲ್ಚರ್ ಸತ್ತೋಯ್ತು" ಎಂದ ಆಪರೇಟರ್, ಮನೆಯಲ್ಲಿ ಯಾರೋ ಹೋದ ಹಾಗೆ. ಸೆಗಣಿ, ಬೆಲ್ಲ, ಯೂರಿಯಾ, ಡಿಎಪಿ ಹಾಕಿ ಮತ್ತೆ ಎಬ್ಬಿಸಲು ಮೂರು ವಾರ ಹಿಡಿಯಿತು.

ಆದರೆ ತೊಟ್ಟಿಯಲ್ಲಿ ಎಲ್ಲ ಕಣ್ಣೆದುರು ಇರುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಗಾಳಿ ಸಾಕಾಯಿತೇ ಎಂದು ನೋಡಬಹುದು. ನೆಲದಡಿ ಅದೇ ದನಗಳನ್ನು ಕತ್ತಲೆಯಲ್ಲಿ, ಬೇಲಿಯಿಲ್ಲದ ಗುಡ್ಡದಲ್ಲಿ ಮೇಯಿಸಬೇಕು.

ಈ ಕೆಲಸ ಶುರುವಾಗಿದ್ದು ಪೆಟ್ರೋಲಿನಿಂದ. 1972ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್ ಎಂಬ ಊರಲ್ಲಿ ಪೈಪ್‌ಲೈನ್ ಸೋರಿ ಪೆಟ್ರೋಲ್ ನೆಲಕ್ಕಿಳಿಯಿತು. ಸನ್ ಆಯಿಲ್ ಕಂಪನಿಯ ರಿಚರ್ಡ್ ರೇಮಂಡ್ ಮತ್ತು ಜೊತೆಗಾರರು ಪಂಪ್ ಮಾಡಿ ತೆಗೆದಷ್ಟು ತೆಗೆದರು. ಉಳಿದದ್ದಕ್ಕೆ ಹೊರಗಿನಿಂದ ಯಾವ ಬ್ಯಾಕ್ಟೀರಿಯಾವನ್ನೂ ತರಲಿಲ್ಲ. ಅಲ್ಲಿನ ಮಣ್ಣಿನಲ್ಲೇ ಇದ್ದ ಜೀವಿಗಳಿಗೆ ಗಾಳಿ ಊದಿದರು, ಸಾರಜನಕ ಮತ್ತು ರಂಜಕ ಕೊಟ್ಟರು. ಪೆಟ್ರೋಲ್ ಅವಕ್ಕೆ ಅನ್ನ. ಅನ್ನ ಬೇಕಾದಷ್ಟಿತ್ತು, ಉಸಿರು ಮತ್ತು ಉಪ್ಪು ಸಾಲದಾಗಿತ್ತು, ಅಷ್ಟೇ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಅಲಾಸ್ಕಾದಲ್ಲಿ ಎಣ್ಣೆ ಚೆಲ್ಲಿದಾಗಲೂ ಅಲ್ಲಿನ ದಡಕ್ಕೆ ಗೊಬ್ಬರ ಸಿಂಪಡಿಸಿದರು. ಮೇಯುವ ಕೆಲಸವನ್ನು ಅಲ್ಲಿನ ಜೀವಿಗಳೇ ಮಾಡಿದವು.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದರೆ ನಮ್ಮಲ್ಲಿ ಕೆಲವರಿಗೆ ಆನಂದ ಚಕ್ರವರ್ತಿ ನೆನಪಾಗುತ್ತಾರೆ. ಬಂಗಾಳ ಮೂಲದ ವಿಜ್ಞಾನಿ. ಅವರು ರೂಪಿಸಿದ ಸೂಡೋಮೊನಾಸ್ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದೇ ಎಂಬ ಮೊಕದ್ದಮೆಯಲ್ಲಿ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೌದು ಎಂದಿತು. ಕಾನೂನಿನ ಇತಿಹಾಸದಲ್ಲಿ ಅದು ದೊಡ್ಡ ಹೆಸರು, ಸಮುದ್ರದ ಎಣ್ಣೆಯ ಮೇಲೆ ಮಾತ್ರ ಆ ಬ್ಯಾಕ್ಟೀರಿಯಾ ಬಿಡಲೇ ಇಲ್ಲ. ನಮ್ಮ ಕಡೆ ನಿಜವಾಗಿ ಕೆಲಸಕ್ಕೆ ಬಂದದ್ದು ಟೆರಿ ಎಂಬ ಸಂಶೋಧನಾ ಸಂಸ್ಥೆಯ ಬ್ಯಾಕ್ಟೀರಿಯಾ ಮಿಶ್ರಣ ಆಯಿಲ್‌ಜ್ಯಾಪರ್. 2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಹತ್ತಿರ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಹಡಗುಗಳು ಡಿಕ್ಕಿಯಾಗಿ ಎಣ್ಣೆ ದಡಕ್ಕೆ ಬಂದಾಗ ಇದನ್ನು ಬಳಸಿದರು. ಬಹುಶಃ ಪುಡಿ ಹುಡುಗನ ಮಾತಿನ ಬೇರು ಅಲ್ಲಿದೆ. ದಡದ ಮೇಲಿನ ಎಣ್ಣೆಗೆ ಆಗುವುದು ಬಾವಿಯ ಕೆಮಿಕಲ್ಲಿಗೂ ಆಗುತ್ತದೆ ಅಂತ.

ಇಲ್ಲೇ ಎಡವುವುದು. ಕೆಮಿಕಲ್ ಬೇರೆ ಆದರೆ ಜೀವಿಯೂ ಬೇರೆ, ಅದರ ಊಟ ಬೇರೆ, ಉಸಿರೂ ಬೇರೆ.

ಪೆಟ್ರೋಲ್, ಡೀಸೆಲ್, ಥಿನ್ನರ್ ಜಾತಿಯ ಬೆಂಜೀನ್, ಟೊಲುವಿನ್, ಝೈಲೀನ್ ಒಂದು ಕಡೆ. ಇವು ಊಟ. ಗಾಳಿ ಕೊಟ್ಟರೆ ಬೇಗ ಮುಗಿಯುತ್ತವೆ. ಇನ್ನೊಂದು ಕಡೆ ಲೋಹಗಳು. ಲೋಹವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿರುವ ಕ್ರೋಮಿಯಂ ನೋಡಿ. ಕುಡಿಯುವ ನೀರಿನಲ್ಲಿ ನಮ್ಮ ಮಾನಕ ಬ್ಯೂರೋ ಹಾಕಿದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನೀರಲ್ಲಿ ಕರಗಿ ಓಡಾಡುವ ವಿಷಕಾರಿ ರೂಪವನ್ನು ಬ್ಯಾಕ್ಟೀರಿಯಾ ಕರಗದ ರೂಪಕ್ಕೆ ತಿರುಗಿಸಿ ಅಲ್ಲೇ ಮಣ್ಣಿಗೆ ಕೂರಿಸಬಹುದು. ಕ್ರೋಮಿಯಂ ಹೋಗುವುದಿಲ್ಲ, ನಿಲ್ಲುತ್ತದೆ. ಇನ್ನು ಪಿಎಫ್‌ಎಎಸ್ ಎನ್ನುವ ಫ್ಲೋರಿನ್ ಕೆಮಿಕಲ್‌ಗಳ ಮುಂದೆ ಬ್ಯಾಕ್ಟೀರಿಯಾಗಳು ಸದ್ಯಕ್ಕೆ ಸೋತಿವೆ. 2019ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಒಂದು ಬ್ಯಾಕ್ಟೀರಿಯಾ ನೂರು ದಿನ ತೆಗೆದುಕೊಂಡು ಅದನ್ನು ಒಂದಿಷ್ಟು ಮುರಿದ ವರದಿ ಬಂತು. ಲ್ಯಾಬಿನ ಬಾಟಲಿಗೂ ಊರ ಬಾವಿಗೂ ಬಹಳ ದೂರ.

ನನಗೆ ಜಾಸ್ತಿ ಕುತೂಹಲ ಇರುವುದು ನಡುವಿನ ಗುಂಪಿನ ಮೇಲೆ. ಕ್ಲೋರಿನ್ ಸೇರಿದ ಸಾಲ್ವೆಂಟುಗಳು. ಲೋಹದ ಬಿಡಿಭಾಗಗಳ ಗ್ರೀಸ್ ತೆಗೆಯಲು ಟ್ರೈಕ್ಲೋರೋಎಥಿಲೀನ್. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲಿ ಬರೀ "ಟ್ರೈಕ್ಲೋರೋ". ಡ್ರೈಕ್ಲೀನಿಂಗಿಗೆ ಅದರ ಅಣ್ಣ ಪರ್ಕ್ಲೋರೋಎಥಿಲೀನ್. ಟ್ರೈಕ್ಲೋರೋ ಕಿಡ್ನಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅದಕ್ಕೆ ಬಣ್ಣವಿಲ್ಲ. ನೀರಿಗಿಂತ ಒಂದೂವರೆ ಪಟ್ಟು ಭಾರ. ಪೆಟ್ರೋಲ್ ನೀರಿನ ಮೇಲೆ ತೇಲಿದರೆ ಇದು ಮುಳುಗುತ್ತದೆ, ಬಂಡೆಯ ಬಿರುಕು ಹುಡುಕಿಕೊಂಡು ಕೆಳಗಿಳಿದು ಕೂರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಚೂರುಚೂರೇ ಕರಗುತ್ತದೆ.

ಎಷ್ಟು ಬೇಕು ನೀರು ಕೆಡಲು? ಒಂದು ಲೀಟರ್ ಟ್ರೈಕ್ಲೋರೋ ಸುಮಾರು 1.46 ಕಿಲೋ ತೂಗುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಭಾಗಿಸಿ ನೋಡಿ. ಒಂದು ಲೀಟರ್ 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ನಮ್ಮ ಸೊಸೈಟಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 29 ಸಾವಿರ ಟ್ಯಾಂಕರ್. ಒಂದು ಬಿಸ್ಲೆರಿ ಬಾಟಲಿಯಷ್ಟು ಸಾಲ್ವೆಂಟಿಗೆ!

ನಮ್ಮ ಪೇಪರುಗಳಿಗೆ ಸುದ್ದಿಯಾಗುವುದು ಬಣ್ಣ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಂತು, ಸುದ್ದಿಯಾಯಿತು. 2017ರಲ್ಲಿ ನವಿ ಮುಂಬೈ ಕಡೆಯ ತಳೋಜಾದ ಬೀದಿನಾಯಿಗಳು ನೀಲಿಯಾದವು, ಸುದ್ದಿಯಾಯಿತು. 2020ರ ಫೆಬ್ರುವರಿಯಲ್ಲಿ ನಮ್ಮ ಎಂಐಡಿಸಿಯ ರಸ್ತೆ ಗುಲಾಬಿಯಾಯಿತು, ಮುಖ್ಯಮಂತ್ರಿಯೇ ಬಂದು ನೋಡಿದರು. ಬಣ್ಣವಿಲ್ಲದ್ದು ನೆಲದಡಿ ಹೋದರೆ ಯಾರು ಬರುತ್ತಾರೆ ನೋಡಲು?

ಈ ಟ್ರೈಕ್ಲೋರೋವನ್ನು ಪೂರ್ತಿ ಒಡೆಯುವ ಬ್ಯಾಕ್ಟೀರಿಯಾದ ಕತೆ ಸ್ವಾರಸ್ಯದ್ದು. ಹೆಸರು ಡೀಹ್ಯಾಲೊಕೊಕ್ಕಾಯ್ಡಿಸ್. ನಾಲಿಗೆ ಹೊರಳದಿದ್ದರೆ "ಡಿಎಚ್‌ಸಿ" ಅನ್ನಿ, ಈ ಕ್ಷೇತ್ರದವರೂ ಹಾಗೇ ಅನ್ನುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದವರು 1997ರಲ್ಲಿ ಇದನ್ನು ಬೇರ್ಪಡಿಸಿದ ಸುದ್ದಿ ಪ್ರಕಟಿಸಿದರು. ಸಿಕ್ಕಿದ್ದೆಲ್ಲಿ ಗೊತ್ತಾ? ಇಥಾಕಾ ಊರಿನ ಕೊಳಚೆ ನೀರಿನ ಘಟಕದ ಬಗ್ಗಡದಲ್ಲಿ. ಅರ್ಧ ಮೈಕ್ರಾನಿನ ಪುಟ್ಟ ಬಿಲ್ಲೆ. ಜೀನೋಮ್ ಕೂಡ ಪುಟ್ಟದು, ಹದಿನೈದು ಲಕ್ಷ ಅಕ್ಷರ ಮುಟ್ಟುವುದಿಲ್ಲ. ನಾವು ಅನ್ನ ತಿಂದು ಆಕ್ಸಿಜನ್ ಉಸಿರಾಡುತ್ತೇವೆ. ಇದು ಹೈಡ್ರೋಜನ್ ತಿಂದು ಕ್ಲೋರಿನ್ ಇರುವ ಕೆಮಿಕಲ್ ಉಸಿರಾಡುತ್ತದೆ. ಬೇರೆ ಯಾವುದೂ ಇದಕ್ಕೆ ಆಗದು. ನಮ್ಮ ಆಕ್ಸಿಜನ್ ತಾಗಿದರೆ ಸಾಯುತ್ತದೆ. ಕೊಳಚೆಯ ಇ. ಕೊಲೈ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇದಕ್ಕೆ ಒಂದೆರಡು ದಿನ ಬೇಕು. ಇಂಥದ್ದನ್ನು ಪುಡಿ ಮಾಡಿ ಡಬ್ಬಿಗೆ ತುಂಬಿ ತೆರೆದ ಬಾವಿಗೆ ಸುರಿಯುತ್ತೇನೆ ಎಂದರೆ, ಮೀನನ್ನು ಒಣಗಿಸಿ ತಂದು ಮತ್ತೆ ಈಜು ಎಂದಂತೆ.

ಹಾಗಾದರೆ ಹೇಗೆ ಕೊಡುತ್ತಾರೆ? ಗಾಳಿ ಸೋಕದಂತೆ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ನೀರಿನ ಕಲ್ಚರ್ ತರುತ್ತಾರೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಕೆಬಿ-1 ಎಂಬ ಇಂಥ ಕಲ್ಚರನ್ನು ಟೆಕ್ಸಾಸಿನ ಕೆಲ್ಲಿ ವಾಯುನೆಲೆಯಲ್ಲಿ ನೆಲಕ್ಕೆ ಬಿಟ್ಟು ಯಶಸ್ಸು ಕಂಡದ್ದು 2002ರಲ್ಲಿ ಪ್ರಕಟವಾಯಿತು. ಆದರೆ ಎಷ್ಟೋ ಕಡೆ ತರುವ ಅಗತ್ಯವೇ ಇರುವುದಿಲ್ಲ. ಜೀವಿ ಅಲ್ಲೇ ಹಸಿದು ಕೂತಿರುತ್ತದೆ. ಊಟ ಹಾಕಿದರೆ ಸಾಕು.

ಊಟ ಹಾಕುವುದೂ ನೇರವಲ್ಲ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ನೆಲದಡಿಗೆ ಕಾಕಂಬಿಯನ್ನೋ ಎಣ್ಣೆಯನ್ನೋ ಬಿಟ್ಟರೆ ಮೊದಲ ಪಂಕ್ತಿಗೆ ಕೂರುವವು ಆಕ್ಸಿಜನ್ ಉಸಿರಾಡುವ ಬ್ಯಾಕ್ಟೀರಿಯಾ. ಅವು ಇದ್ದ ಆಕ್ಸಿಜನ್ನನ್ನೆಲ್ಲ ಮುಗಿಸಿ ಏಳುತ್ತವೆ. ಆಮೇಲೆ ನೈಟ್ರೇಟ್‌ನವು, ಆಮೇಲೆ ಕಬ್ಬಿಣದವು, ಆಮೇಲೆ ಸಲ್ಫೇಟ್‌ನವು. ನಮ್ಮ ಡಿಎಚ್‌ಸಿ ಕೊನೇ ಪಂಕ್ತಿ. ಅಷ್ಟು ಹೊತ್ತಿಗೆ ಬೇರೆ ಜೀವಿಗಳು ಕಾಕಂಬಿಯನ್ನು ಹುಳಿಸಿ ಹೈಡ್ರೋಜನ್ ಬಿಟ್ಟಿರುತ್ತವೆ. ಅದನ್ನು ಇದು ತಿನ್ನುತ್ತದೆ. ಮೊದಲ ನಾಲ್ಕು ಪಂಕ್ತಿಗೆ ಸಾಕಾಗುವಷ್ಟು ಬಡಿಸದಿದ್ದರೆ ಕೊನೆಯವನ ಎಲೆಗೆ ಏನೂ ಬೀಳದು.

ಎದ್ದು ಹೋಗುವ ಪಂಕ್ತಿಗಳು ಸುಮ್ಮನೆ ಹೋಗುವುದೂ ಇಲ್ಲ. ಕಬ್ಬಿಣದ ಪಂಕ್ತಿ ನಡೆದಾಗ ಕಲ್ಲಿನಲ್ಲಿದ್ದ ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಇಳಿಯುತ್ತವೆ. ಅಲ್ಲಿ ಆರ್ಸೆನಿಕ್ ಅಂಟಿಕೊಂಡಿದ್ದರೆ ಅದೂ ಬರುತ್ತದೆ. ಕೊನೆಯಲ್ಲಿ ಮೀಥೇನ್ ಏಳುತ್ತದೆ. ಮೇಲೆ ಬಿಲ್ಡಿಂಗ್ ಇದ್ದರೆ ಅದನ್ನೂ ನೋಡಿಕೊಳ್ಳಬೇಕು.

ಈಗ ಅಸಲಿ ಅಪಾಯ. ಟ್ರೈಕ್ಲೋರೋದಲ್ಲಿ ಮೂರು ಕ್ಲೋರಿನ್. ಒಂದೊಂದಾಗಿ ಕಳಚಬೇಕು. ಒಂದು ಕಳಚಿದರೆ ಡೈಕ್ಲೋರೋಎಥಿಲೀನ್. ಇನ್ನೊಂದು ಕಳಚಿದರೆ ವಿನೈಲ್ ಕ್ಲೋರೈಡ್. ಮೂರನೆಯದೂ ಹೋದರೆ ಎಥಿಲೀನ್, ವಾಶಿ ಮಾರ್ಕೆಟಿನಲ್ಲಿ ಬಾಳೆಹಣ್ಣು ಮಾಗಿಸಲು ಬಳಸುತ್ತಾರಲ್ಲ, ಅದೇ ಗ್ಯಾಸು. ಮೊದಲ ಮೆಟ್ಟಿಲು ಇಳಿಸಲು ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳಿಗೆ ಬರುತ್ತದೆ. ಕೊನೆಯ ಮೆಟ್ಟಿಲವರೆಗೆ ಇಳಿಸುವುದು ಡಿಎಚ್‌ಸಿಯ ಕೆಲವು ತಳಿಗಳೇ ಹೆಚ್ಚಾಗಿ. ಆ ತಳಿ ಇಲ್ಲದಿದ್ದರೆ, ಇದ್ದೂ ಹಸಿದಿದ್ದರೆ, ನೀರು ಹುಳಿಯಾಗಿದ್ದರೆ ಕೆಲಸ ನಡುವೆ ನಿಲ್ಲುತ್ತದೆ. ನಡುವೆ ಎಂದರೆ ಡೈಕ್ಲೋರೋದಲ್ಲಿ, ಇಲ್ಲವೇ ವಿನೈಲ್ ಕ್ಲೋರೈಡಿನಲ್ಲಿ. ವಿನೈಲ್ ಕ್ಲೋರೈಡ್ ಲಿವರ್ ಕ್ಯಾನ್ಸರ್ ತರುವುದು ಸಾಬೀತಾದ ವಿಷ. ಅಮೆರಿಕದಲ್ಲಿ ಅದರ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ, ಟ್ರೈಕ್ಲೋರೋಗಿಂತ ಬಿಗಿ.

ಹಾಗಾಗಿ ಯಾವುದೇ ಕಂಪನಿ "ಆರು ತಿಂಗಳಲ್ಲಿ ಟ್ರೈಕ್ಲೋರೋ ಸೊನ್ನೆಗೆ ತಂದೆವು" ಎಂದು ಗ್ರಾಫ್ ತೋರಿಸಿದರೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಎಥಿಲೀನ್ ಎಷ್ಟು ಬಂತು ಎಂದು ಕೇಳುತ್ತೇನೆ. ಮಾಯವಾದ ಟ್ರೈಕ್ಲೋರೋದ ಲೆಕ್ಕಕ್ಕೆ ಎಥಿಲೀನ್ ತಾಳೆಯಾಗದಿದ್ದರೆ ಆ ಸೊನ್ನೆಯನ್ನು ನಂಬಬೇಡಿ. ಒಂದೋ ವಿಷ ಹೆಸರು ಬದಲಿಸಿದೆ, ಇಲ್ಲವೇ ಪಕ್ಕದ ಜಾಗಕ್ಕೆ ಹರಿದಿದೆ.

ಇನ್ನು ನಮ್ಮ ನೆಲ. ಮುಂಬೈ, ಪುಣೆ ಎಲ್ಲ ಕೂತಿರುವುದು ಸುಮಾರು ಆರೂವರೆ ಕೋಟಿ ವರ್ಷ ಹಿಂದಿನ ಲಾವಾದ ಮೇಲೆ. ಕರೀ ಬಸಾಲ್ಟ್. ಇದರಲ್ಲಿ ನೀರು ಮರಳಿನಲ್ಲಿ ಇದ್ದ ಹಾಗೆ ಹರಡಿಕೊಂಡಿರುವುದಿಲ್ಲ. ಮೇಲಿನ ಪುಡಿಕಲ್ಲಿನ ಮುರುಮ್ ಪದರದಲ್ಲಿ, ಕೆಳಗೆ ಬಿರುಕುಗಳಲ್ಲಿ ಇರುತ್ತದೆ. ಇಂಥ ಕಲ್ಲಿನಲ್ಲಿ ಈ ವಿದ್ಯೆ ನಡೆಯುತ್ತದೆಯೇ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಅಮೆರಿಕದ ಐಡಾಹೊ.

ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯದ ಟೆಸ್ಟ್ ಏರಿಯಾ ನಾರ್ತ್ ಎಂಬ ಜಾಗದಲ್ಲಿ 1950ರ ದಶಕದಲ್ಲಿ ಅಣುಶಕ್ತಿಯಿಂದ ವಿಮಾನ ಹಾರಿಸುವ ಪ್ರಯೋಗ ನಡೆಸಿದ್ದರು. ಕೊಳೆನೀರನ್ನು 1972ರವರೆಗೆ ನೇರ ಒಂದು ಬಾವಿಗೆ ಇಳಿಸುತ್ತಿದ್ದರು. ಒಳಗೆ ಟ್ರೈಕ್ಲೋರೋ ಇತ್ತು. ಅದು ಬಿರುಕು ಬಿಟ್ಟ ಬಸಾಲ್ಟಿನಲ್ಲಿ, ಸುಮಾರು ಇನ್ನೂರು ಅಡಿ ಆಳದ ನೀರಿನಲ್ಲಿ, ಮೂರು ಕಿಲೋಮೀಟರ್ ಉದ್ದಕ್ಕೆ ಹರಡಿತು. 1999ರ ಜನವರಿಯಲ್ಲಿ ಅದೇ ಬಾವಿಗೆ ಸೋಡಿಯಂ ಲ್ಯಾಕ್ಟೇಟ್ ಬಿಡಲು ಶುರು ಮಾಡಿದರು. ಅಲ್ಲೇ ಇದ್ದ ಬ್ಯಾಕ್ಟೀರಿಯಾ ಎದ್ದವು. ಟ್ರೈಕ್ಲೋರೋ ಇಳಿಯಿತು, ಎಥಿಲೀನ್ ಬಂತು. ಆಮೇಲೆ ಅಗ್ಗವೆಂದು ಲ್ಯಾಕ್ಟೇಟ್ ಬದಲು ಹಾಲಿನ ವೇ ಪುಡಿ ಕರಗಿಸಿ ಬಿಟ್ಟರು. ವೇ ಎಂದರೆ ಹಾಲು ಒಡೆದಾಗ ಉಳಿಯುವ ನೀರು.

ಇದನ್ನು ಕೇಳಿ ನಮ್ಮ ಕೆಳಗಿನ ಹೋಟೆಲಿನ ಶೆಟ್ರು ಕಾಫಿ ಆರಿಸುವುದನ್ನೇ ನಿಲ್ಲಿಸಿದರು. "ಹತ್ತು ಲೀಟರ್ ಹಾಲಲ್ಲಿ ಪನೀರ್ ಮಾಡಿದ್ರೆ ಏಳೆಂಟು ಲೀಟರ್ ನೀರು ದಿನಾ ಮೋರಿಗೆ ಹೋಗ್ತದೆ ಮಾರಾಯ್ರೇ. ನಮ್ಮ ಬಾವಿಗೇ ಹಾಕುವ ಅಲ್ಲಾ?"

ಬೇಡ ಶೆಟ್ರೇ ಎಂದೆ. ಐಡಾಹೊದ ಕತೆಯ ಇನ್ನರ್ಧ ಹೇಳಿದೆ. ಅವರು ವೇ ಸುರಿಯುವ ಮೊದಲು ಸುತ್ತ ಹತ್ತಾರು ಬಾವಿ ಕೊರೆದು ನೀರು ಯಾವ ಕಡೆ ಹೋಗುತ್ತದೆ, ಯಾವ ಆಳದಲ್ಲಿ ಏನಿದೆ ಎಂದು ತಿಳಿದಿದ್ದರು. ಸುರಿಯುತ್ತಾ ಇರುವಾಗ ಪದೇಪದೇ ಅಳೆಯುತ್ತಿದ್ದರು. ಆ ನೀರು ಪೂರ್ತಿ ಮೊದಲಿನಂತಾಗಲು ಅವರೇ ಇಟ್ಟುಕೊಂಡ ಗಡುವು ಯಾವುದು ಗೊತ್ತೇ? 2095. ನಮ್ಮ ಹುಡುಗ ಮೂರು ತಿಂಗಳು ಎಂದಿದ್ದ.

ನಮ್ಮ ಬಸಾಲ್ಟ್ ಐಡಾಹೊದಂತೆಯೇ ವರ್ತಿಸುತ್ತದೆ ಎನ್ನಲೂ ಆಗದು. ಅಲ್ಲಿನದು ಎಳೆಯ ಲಾವಾ, ನೀರು ಸಲೀಸಾಗಿ ಓಡುತ್ತದೆ. ನಮ್ಮದು ಹಳೆಯದು, ಎಷ್ಟೋ ಸಂದುಗಳು ಖನಿಜ ತುಂಬಿ ಮುಚ್ಚಿವೆ. ಅಲ್ಲಿ ಒಣ ಹವೆ. ಇಲ್ಲಿ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬೇಸಿಗೆಯಲ್ಲಿ ಪಾತಾಳ ಕಂಡ ಬಾವಿ ಜುಲೈಯಲ್ಲಿ ಕಟ್ಟೆಗೆ ಬರುತ್ತದೆ. ಆ ಹೊಸ ನೀರಿನ ಜೊತೆ ಆಕ್ಸಿಜನ್ ಇಳಿಯುತ್ತದೆ, ಕಷ್ಟಪಟ್ಟು ಕೊನೇ ಪಂಕ್ತಿಯವರೆಗೆ ತಂದ ಊಟದ ಮನೆಗೆ ಮತ್ತೆ ಮೊದಲ ಪಂಕ್ತಿಯವರು ನುಗ್ಗುತ್ತಾರೆ. ಬೇಸಿಗೆಯಲ್ಲಿ ಊಡಿಸಿ ಮಳೆಗಾಲದಲ್ಲಿ ಕಾಯಬೇಕೇ, ಬಿರುಕಿನ ಆಳಕ್ಕೆ ಮಳೆ ತಟ್ಟುವುದೇ ಇಲ್ಲವೇ ಎಂಬುದನ್ನು ಇಲ್ಲೇ ಕೊರೆದು, ಇಲ್ಲೇ ಅಳೆದು ತಿಳಿಯಬೇಕು. ಐಡಾಹೊದ ಕಾಗದ ನೋಡಿ ಹೇಳಲಾಗದು.

ಇಲ್ಲಿ ನನ್ನ ವಾದ ಇಷ್ಟೇ. ಬ್ಯಾಕ್ಟೀರಿಯಾ ಅಗ್ಗ. ಊಟವೂ ಅಗ್ಗ. ಕಾಕಂಬಿ ಮಹಾರಾಷ್ಟ್ರದಲ್ಲಿ ಬೇಕಾದಷ್ಟಿದೆ. ದುಬಾರಿಯಾದದ್ದು ಅಳತೆ, ಮತ್ತು ಹತ್ತಾರು ವರ್ಷ ಅಳೆಯುತ್ತಲೇ ಇರುವ ತಾಳ್ಮೆ. ನಮ್ಮಲ್ಲಿ ಕೊರತೆ ಇರುವುದು ಅವೆರಡರದ್ದೇ.

ಕಾನೂನು ನೋಡಿ. ಡೊಂಬಿವಲಿಯನ್ನು "ತೀವ್ರ ಮಲಿನ" ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲೇ ಹೇಳಿತ್ತು. ಆಗ ನಮಗೆ ಕೊಟ್ಟ ಅಂಕ 78.41. ಎಪ್ಪತ್ತು ದಾಟಿದರೆ ತೀವ್ರ. 2018ರ ಪಟ್ಟಿಯಲ್ಲಿ ಪಕ್ಕದ ಜಿಲ್ಲೆಯ ತಾರಾಪುರ 93.69 ಪಡೆದು ದೇಶಕ್ಕೇ ಮೊದಲು ಬಂತು. ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ ಬಂದಿದ್ದರೆ ಖುಷಿ ಪಡಬಹುದಿತ್ತು. ಇಷ್ಟೆಲ್ಲ ಅಂಕ ಕೊಟ್ಟರೂ, ಹಳೇ ವಿಷ ಕೂತ ನೆಲವನ್ನು ಯಾರು, ಹೇಗೆ, ಯಾರ ದುಡ್ಡಿನಲ್ಲಿ ಶುದ್ಧ ಮಾಡಬೇಕು ಎಂಬುದಕ್ಕೆ ದೇಶದಲ್ಲಿ ಪ್ರತ್ಯೇಕ ನಿಯಮವೇ ಇರಲಿಲ್ಲ.

ಅದು ಬಂದದ್ದು 2025ರ ಜುಲೈಯಲ್ಲಿ. ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ಪಟ್ಟಿ ಕೊಡಬೇಕು. ರಾಜ್ಯ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರೀಕ್ಷೆ ಮಾಡಬೇಕು, ಆಮೇಲೆ ಮೂರು ತಿಂಗಳಲ್ಲಿ ವಿವರವಾದದ್ದು. ಮಾಲಿನ್ಯ ಮಾಡಿದವನೇ ಖರ್ಚು ಕೊಡಬೇಕು, ಅವನು ಸಿಗದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ಹೊಂದಿಸಬೇಕು. ಪರೀಕ್ಷೆಗೆಲ್ಲ ಗಡುವು ಇದೆ. ಶುದ್ಧ ಮಾಡಿ ಮುಗಿಸುವುದಕ್ಕೆ ಗಡುವಿಲ್ಲ! ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ 103 ಜಾಗಗಳಲ್ಲಿ ಶುದ್ಧೀಕರಣ ಶುರುವಾಗಿದ್ದು 7 ಕಡೆ.

ಭೋಪಾಲ್ ನೋಡಿದರೆ ಸಾಕು. ಅನಿಲ ದುರಂತದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯೊಳಗೆ ಬಿದ್ದಿದ್ದ 337 ಟನ್ ವಿಷದ ಕಸವನ್ನು ನಲವತ್ತು ವರ್ಷದ ಮೇಲೆ, 2025ರಲ್ಲಿ, ಪೀಥಂಪುರಕ್ಕೆ ಸಾಗಿಸಿ ಸುಟ್ಟರು. ಟಿವಿಯಲ್ಲಿ ಹನ್ನೆರಡು ಕಂಟೇನರ್ ಸಾಲಾಗಿ ಹೋದದ್ದು ಎಲ್ಲರೂ ನೋಡಿದ್ದೇವೆ. ನೆಲದಡಿಯ ನೀರಿಗಿಳಿದ ಕ್ಲೋರಿನ್ ಕೆಮಿಕಲ್ ಯಾವ ಕಂಟೇನರಿನಲ್ಲೂ ಹೋಗಲಿಲ್ಲ. ಸುತ್ತಲಿನ ಬಡಾವಣೆಗಳಿಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಲ್ಲಿ ನೀರು ಕೊಟ್ಟರು, ಅಷ್ಟೇ. ಡಿಎಚ್‌ಸಿಯಂಥ ಜೀವಿಗಳನ್ನು ಸರಿಯಾಗಿ ಪರೀಕ್ಷಿಸಲು ದೇಶದಲ್ಲಿ ಒಂದು ಜಾಗ ಆರಿಸಬೇಕಾದರೆ ನಾನು ಆರಿಸುವುದು ಅದನ್ನೇ.

ಸರಿ, ನಮ್ಮ ಬಾವಿ ಏನಾಯಿತು? ಪುಡಿ ಕೊಳ್ಳುವ ದುಡ್ಡಿನಲ್ಲಿ ಮೊದಲು ಟೆಸ್ಟ್ ಮಾಡಿಸೋಣ ಎಂದು ಒಪ್ಪಿಸಿದೆ. ಹಿಂದೊಮ್ಮೆ ಟೆಸ್ಟ್ ಆಗಿತ್ತು. ವಾಚ್‌ಮನ್ ಅರ್ಧ ಬಾಟಲಿ ನೀರು ಬಿಸಿಲಲ್ಲಿ ಸೈಕಲ್ಲಿಗೆ ನೇತುಹಾಕಿ ಕೊಂಡೊಯ್ದಿದ್ದ. ಪಿಎಚ್, ಟಿಡಿಎಸ್, ಗಡಸುತನ, ಕೋಲಿಫಾರ್ಮ್ ನೋಡಿ "ಕುಡಿಯಲು ಯೋಗ್ಯವಲ್ಲ" ಎಂದು ಕೊಟ್ಟಿದ್ದರು. ಸಾಲ್ವೆಂಟ್ ಹುಡುಕುವ ಟೆಸ್ಟೇ ಬೇರೆ, ಅದರ ದರ ಮಾಮೂಲಿಯ ಹಲವು ಪಟ್ಟು. ಈ ಸಲ ಲ್ಯಾಬಿನ ಹುಡುಗನೇ ಬಂದ. 40 ಮಿಲಿಲೀಟರಿನ ಗಾಜಿನ ವಯಲ್. ನೀರನ್ನು ಗೋಡೆಗುಂಟ ಮೆಲ್ಲಗೆ ಇಳಿಸಿ, ಬಾಯಿ ತುಂಬಿ ಗುಮ್ಮಟದಂತೆ ಉಬ್ಬಿದ ಮೇಲೆ ಮುಚ್ಚಳ ತಿರುಗಿಸಿದ. ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಿದ. ಸಾಸಿವೆಯಷ್ಟು ಗುಳ್ಳೆ ಕಂಡಿತು. ಚೆಲ್ಲಿ ಮತ್ತೆ ತುಂಬಿದ. ಗುಳ್ಳೆ ಇದ್ದರೆ ಸಾಲ್ವೆಂಟ್ ನೀರು ಬಿಟ್ಟು ಅದರೊಳಗೆ ಸೇರಿಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾದರೆ ಸೈಕಲ್ಲಿನ ಅರ್ಧ ಬಾಟಲಿಯಲ್ಲಿ ಏನು ಉಳಿದಿತ್ತೋ!

ರಿಪೋರ್ಟ್ ಬಂತು. ಟ್ರೈಕ್ಲೋರೋ ಇಲ್ಲ. ವಿನೈಲ್ ಕ್ಲೋರೈಡ್ ಇಲ್ಲ. ಟೊಲುವಿನ್ ಇದೆ, ಝೈಲೀನ್ ಇದೆ. ಪೇಂಟ್ ಅಂಗಡಿಯ ವಾಸನೆ ಎಂದು ನಮ್ಮ ಮೂಗು ಹೇಳಿದ್ದು ನಿಜವೇ ಆಗಿತ್ತು. ಅಂದರೆ ನಮಗೆ ವೇ ಬೇಡ, ಕಾಕಂಬಿ ಬೇಡ. ಅವು ಇನ್ನೂ ತೊಂದರೆ, ಇರುವ ಆಕ್ಸಿಜನ್ನನ್ನೂ ಮುಗಿಸುತ್ತವೆ. ಬೇಕಾದದ್ದು ಗಾಳಿ, ಒಂದಿಷ್ಟು ಗೊಬ್ಬರ. ಅದಕ್ಕೂ ಮೊದಲು ಥಿನ್ನರ್ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಮೂಲ ಮುಚ್ಚದೆ ಬ್ಯಾಕ್ಟೀರಿಯಾಕ್ಕೆ ಗಾಳಿ ಊದುವುದು ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಒಂದು ಬಾವಿಯಿಂದ ಅದು ಗೊತ್ತಾಗದು. ನೀರು ನೆಲದಡಿ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಲು ಕಮ್ಮಿಯೆಂದರೂ ಮೂರು ಕಡೆ ನೀರಿನ ಮಟ್ಟ ಅಳೆಯಬೇಕು. ಪಕ್ಕದ ಎರಡು ಸೊಸೈಟಿಗಳಲ್ಲಿ ಬೋರ್‌ವೆಲ್ ಇದೆ. ನಾನೂ ಶೆಟ್ರೂ ಕೇಳಲು ಹೋದೆವು. ಒಂದು ಕಡೆ ಅಕ್ಕ ಒಬ್ಬರು ಚಹಾ ಕೊಟ್ಟು ಕೂರಿಸಿ, "ಅಳೀರಿ ಅಣ್ಣ, ಅದಕ್ಕೇನಂತೆ" ಎಂದರು. ಇನ್ನೊಂದು ಕಡೆ ಸೆಕ್ರೆಟರಿ ಬಾಗಿಲಲ್ಲೇ ನಿಲ್ಲಿಸಿದರು. "ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಫ್ಲ್ಯಾಟಿನ ರೇಟ್ ಬೀಳುತ್ತೆ. ನಮಗೆ ಗೊತ್ತಾಗೋದೇ ಬೇಡ." ಅವರನ್ನು ಪೂರ್ತಿ ಬೈಯಲೂ ನನಗೆ ಮನಸ್ಸು ಬರಲಿಲ್ಲ. ಎರಡು ತಿಂಗಳಲ್ಲಿ ಮಗಳ ಮದುವೆಗೆಂದು ಫ್ಲ್ಯಾಟ್ ಮಾರಲು ಹೊರಟವರು ಆ ಬಿಲ್ಡಿಂಗಿನಲ್ಲೇ ಇದ್ದಾರೆ.

ಬಾವಿಯ ಬೀಗ ಹಾಗೇ ಇದೆ. ಸುಣ್ಣದಲ್ಲಿ ಮರಾಠಿಯಲ್ಲಿ ಬರೆದಿದ್ದ "ಪಿಣ್ಯಾಸ್ ಅಯೋಗ್ಯ", ಅಂದರೆ ಕುಡಿಯಲು ಯೋಗ್ಯವಲ್ಲ, ಮಳೆಗೆ ಅಳಿಸಿತ್ತು, ಮತ್ತೆ ಬರೆಸಿದೆವು. ಮಾಲಿನ್ಯ ಮಂಡಳಿಗೆ ರಿಪೋರ್ಟಿನ ಪ್ರತಿ ಜೋಡಿಸಿ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡಿದ್ದೇವೆ. ಮಳೆ ನಿಂತ ಮೇಲೆ, ನೀರಿನ ಮಟ್ಟ ಇಳಿಯುವ ಮೊದಲು, ಎರಡನೇ ಸಲ ನೀರು ತೆಗೆಯಬೇಕು. ಈ ಸಲ ಎರಡು ಕಡೆಯಿಂದ. ವಯಲ್‌ಗಳು ಬಂದಿವೆ. ಐಸ್ ಪ್ಯಾಕ್ ಶೆಟ್ರ ಹೋಟೆಲಿನ ಫ್ರೀಜರಿನಲ್ಲಿ, ಬಟಾಣಿ ಪ್ಯಾಕೆಟ್ಟಿನ ಪಕ್ಕ ಇದೆ.